ಹಣದ ಮುಖ ನೋಡದವರು

ನಮ್ಮ ಕಾಲೇಜುಗಳಲ್ಲಿ ಬೀಳ್ಕೊಡುಗೆಯ ಸಮಾರಂಭ ನಡೆದಾಗಲೆಲ್ಲ ತಪ್ಪದೆ ಕೇಳಿಬರುವ ಮಾತೊಂದುಂಟು. ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ತಟ್ಟೆಯನ್ನು ಕೈಗಿತ್ತಾದ ಮೇಲೆ ಭಾಷಣಕಾರರು ಗಂಟಲು ಸರಿಪಡಿಸಿಕೊಂಡು, “ಇವರು ಒಂದು ದಿನವೂ ಹಣದ ಮುಖ ನೋಡಿದವರಲ್ಲ” ಎನ್ನುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ನಿವೃತ್ತರಾಗುವವರು ತಲೆ ತಗ್ಗಿಸಿ ವಿನಯದಿಂದ ನಗುತ್ತಾರೆ. ಕನ್ನಡ ವಿಭಾಗದವರ ಬೀಳ್ಕೊಡುಗೆಯಾದರಂತೂ ಈ ಮಾತು ಮಂಗಳಾರತಿಯಷ್ಟೇ ನಿಶ್ಚಿತ. ನಾನೂ ಎರಡು ಮೂರು ಸಲ ಇದನ್ನು ಆಡಿದ್ದೇನೆ. ಆಡಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಸಲುವಾಗಿಯೇ ಈಗ ಬರೆಯುತ್ತಿದ್ದೇನೆ.

ಹಣದ ಮುಖ ನೋಡದವನು ಹಣದ ಹಂಗಿನಿಂದ ಪಾರಾದವನೆಂದು ನಾವು ತಿಳಿದಿದ್ದೇವೆ. ನನ್ನ ಅನುಭವ ಬೇರೆ. ಅಂಥವನು ತನ್ನ ಜುಟ್ಟನ್ನು ಅದರ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ಕುಳಿತಿರುತ್ತಾನೆ. ಎಳೆದಾಗ ನೋವಾಗುತ್ತದೆ, ಎಳೆದವರು ಯಾರೆಂದು ತಿಳಿಯುವುದಿಲ್ಲ. ಆರ್ಥಿಕ ಸ್ವಾತಂತ್ರ್ಯವೆಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಅದಕ್ಕೆ ನಾನು ಕೊಡುವ ಅರ್ಥ ಒಂದೇ: ‘ಬೇಡ’ ಎನ್ನಬೇಕಾದ ಗಳಿಗೆಯಲ್ಲಿ ‘ಬೇಡ’ ಎನ್ನಬಲ್ಲ ಶಕ್ತಿ. ಈ ಶಕ್ತಿಯನ್ನು ಓದುಬರಹ ಬಲ್ಲ ನಾವೇ, ಸಾಹಿತ್ಯದ ಹೆಸರಿನಲ್ಲಿ, ಬಿಟ್ಟುಕೊಟ್ಟಿದ್ದೇವೆ ಎಂಬುದು ನನ್ನ ಆಕ್ಷೇಪಣೆ. ಮೊದಲನೆಯ ಆಪಾದಿತ ನಾನೇ ಆದುದರಿಂದ ನನ್ನ ಕಥೆಯಿಂದಲೇ ಮೊದಲಿಡುತ್ತೇನೆ.

2005ರ ಮಾತು. ಎಂ.ಎ. ಮುಗಿಸಿ ನಾಲ್ಕು ವರ್ಷವಾಗಿತ್ತು. ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಊರು, ಹೆಸರು ಬೇಡ. ಹಾಗಿದ್ದುದು ಅದೊಂದೇ ಅಲ್ಲ. ತಿಂಗಳ ಮೊದಲ ವಾರ ಗುಮಾಸ್ತರು ಸಂಬಳದ ಪುಸ್ತಕವನ್ನು ತಂದು ಮುಂದಿಡುವರು. ಅದರಲ್ಲಿ ನನ್ನ ಹೆಸರಿನ ಎದುರಿಗೆ 8,000 ರೂಪಾಯಿ; ಕೈಗೆ ಬರುತ್ತಿದ್ದುದು 3,500. ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಬೇಕು. ಹಾಕುತ್ತಿದ್ದೆ. ಮೊದಲ ತಿಂಗಳು ಕೈ ಸ್ವಲ್ಪ ತಡೆಯಿತು, ಆಮೇಲೆ ತಡೆಯಲಿಲ್ಲ. ಸುಳ್ಳು ಸಹಿ ಹಾಕಿದ ಅದೇ ಪೆನ್ನಿನಿಂದ ಹುಡುಗರ ಉತ್ತರಪತ್ರಿಕೆಗಳಲ್ಲಿ ‘ಸತ್ಯ’ದ ಒತ್ತಕ್ಷರ ತಿದ್ದುತ್ತಿದ್ದೆ.

ನಮ್ಮೊಡನೆ ಗಣಿತದ ಅಧ್ಯಾಪಿಕೆಯೊಬ್ಬರಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಉಳಿದ ಹಣ ಆಮೇಲೆ ಬರುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಎರಡು ತಿಂಗಳು ಸಹಿ ಹಾಕಿದರು. ಮೂರನೆಯ ತಿಂಗಳು ಪುಸ್ತಕವನ್ನು ಮುಚ್ಚಿ ಗುಮಾಸ್ತರ ಕಡೆಗೆ ತಳ್ಳಿ, “ಎಷ್ಟು ಕೊಡುತ್ತೀರೋ ಅಷ್ಟಕ್ಕೆ ಬರೆದುಕೊಂಡು ಬನ್ನಿ” ಎಂದರು. ಆ ಸಂಜೆಯೇ ಅವರ ಕೆಲಸ ಹೋಯಿತು. ನಾನು ಬಸ್ ನಿಲ್ದಾಣದವರೆಗೆ ಜೊತೆಗೆ ಹೋದೆ. ಅಷ್ಟು ಮಾತ್ರ ಮಾಡಬಲ್ಲವನಾಗಿದ್ದೆ.

“ನಿಮಗೆ ಧೈರ್ಯ ಬಹಳ, ಮೇಡಂ” ಎಂದೆ.

“ಧೈರ್ಯ ಎಂಥದು ಸಾರ್? ಪೋಸ್ಟಾಫೀಸಿನಲ್ಲಿ ಇಪ್ಪತ್ತೆರಡು ಸಾವಿರ ಇದೆ. ಮನೆಪಾಠದ್ದು. ನನ್ನ ಖರ್ಚು ತಿಂಗಳಿಗೆ ಸಾವಿರದ ಎಂಟುನೂರು. ಒಂದು ವರ್ಷ ಕೆಲಸ ಸಿಗದಿದ್ದರೂ ನಡೆಯುತ್ತೆ” ಎಂದರು. ಆಮೇಲೆ ಸಹಜವಾಗಿ, “ನಿಮ್ಮದು ತಿಂಗಳಿಗೆ ಎಷ್ಟಾಗುತ್ತೆ ಸಾರ್?” ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಎಂ.ಎ. ಪದವೀಧರ, ಪಂಪನ ವೃತ್ತಗಳಿಗೆ ಗಣ ಹಾಕಿ ಮಾತ್ರೆ ಎಣಿಸಬಲ್ಲವನು, ನನ್ನ ಮನೆಯ ತಿಂಗಳ ಖರ್ಚನ್ನು ಎಣಿಸಿರಲಿಲ್ಲ. “ಏನೋ, ನಡೆಯುತ್ತೆ” ಎಂದೆ. ಹಾಗೆ ಹೇಳುವುದೇ ನಮ್ಮ ವರ್ಗದ ಸಂಸ್ಕಾರವೆಂದು ತಿಳಿದಿದ್ದೆ. ಬಸ್ಸು ಬಂತು, ಅವರು ಹೋದರು. ಮುಂದಿನ ತಿಂಗಳು ನಾನು ಮತ್ತೆ 8,000ಕ್ಕೆ ಸಹಿ ಹಾಕಿದೆ. ಅಲ್ಲಿಂದ 2009ರಲ್ಲಿ ಸರ್ಕಾರಿ ಕಾಲೇಜಿನ ಕೆಲಸ ಸಿಗುವವರೆಗೆ ಹಾಕುತ್ತಲೇ ಇದ್ದೆ.

ಆ ವರ್ಷ ನನ್ನ ಪಾಲಿಗೆ ಬಂದಿದ್ದ ವಚನಗಳಲ್ಲಿ ಆಯ್ದಕ್ಕಿ ಲಕ್ಕಮ್ಮನದೂ ಇತ್ತು. ಆಕೆಯ ಗಂಡ ಮಾರಯ್ಯ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳು. ಕಥೆ ಎಲ್ಲರಿಗೂ ಗೊತ್ತು. ನಾವು ಇದನ್ನು ತ್ಯಾಗದ ಕಥೆಯೆಂದು ಪಾಠ ಹೇಳುತ್ತೇವೆ: ನೋಡಿ, ಅವಳಿಗೆ ಆಸೆ ಇರಲಿಲ್ಲ, ಹಣಕಾಸಿನ ಗೊಡವೆ ಇರಲಿಲ್ಲ, ಎಂದು. ಇಪ್ಪತ್ತು ವರ್ಷ ಪಾಠ ಹೇಳಿದ ಮೇಲೆ ನನಗೆ ಹೊಳೆದ ಒಂದು ಸಂಗತಿಯನ್ನು ಹೇಳುತ್ತೇನೆ. ವಾಚಕರು ಒಪ್ಪಬಹುದು, ಬಿಡಬಹುದು. ಇದು ಹೆಚ್ಚಾಯಿತು ಎಂದು ಲಕ್ಕಮ್ಮನಿಗೆ ತಿಳಿದದ್ದು ಹೇಗೆ? ಎಷ್ಟು ಸಾಕೆಂದು ಅವಳಿಗೆ ಮೊದಲೇ ತಿಳಿದಿತ್ತು. ಆ ದಿನದ ದಾಸೋಹಕ್ಕೆ ಎಷ್ಟು, ಮನೆಗೆ ಎಷ್ಟು, ಅವಳು ಅಳೆದಿದ್ದಳು. ಅಳತೆ ಗೊತ್ತಿಲ್ಲದವನ ಮನೆಗೆ ಒಂದು ಹಿಡಿ ಹೆಚ್ಚು ಬಂದರೂ ತಿಳಿಯದು, ಒಂದು ಹಿಡಿ ಕಡಮೆ ಬಂದರೂ ತಿಳಿಯದು. ಕನ್ನಡ ಸಾಹಿತ್ಯದಲ್ಲಿ ಮನೆಯ ಲೆಕ್ಕವನ್ನು ಇಷ್ಟು ಖಚಿತವಾಗಿ ಇಟ್ಟವರು ಇನ್ನೊಬ್ಬರಿಲ್ಲ. ಅಂಥವಳನ್ನು ಹಣದ ಮುಖ ನೋಡದವಳೆಂದು ಹುಡುಗರಿಗೆ ಟಿಪ್ಪಣಿ ಬರೆಸುತ್ತೇವೆ!

ಪುರಂದರದಾಸರ ವಿಷಯದಲ್ಲಿಯೂ ಹೀಗೆಯೇ. ನವಕೋಟಿ ನಾರಾಯಣ ಎಲ್ಲವನ್ನೂ ಬಿಟ್ಟು ಹೊರಟನೆಂಬ ಐತಿಹ್ಯ ನಮಗೆ ಬಲು ಪ್ರಿಯ. ಒಂಬತ್ತು ಕೋಟಿಯನ್ನು ಬಿಟ್ಟವನ ವೈರಾಗ್ಯವನ್ನು, ಬಿಡುವುದಕ್ಕೆ ಒಂಬತ್ತು ರೂಪಾಯಿಯೂ ಇಲ್ಲದ ನಾವು ಶಾಲಿನಂತೆ ಹೊದೆದುಕೊಂಡು ಓಡಾಡುತ್ತೇವೆ.

ಬೇಂದ್ರೆಯವರಿಗೆ ನಾವು ಮಾಡಿದ್ದು ಇದಕ್ಕಿಂತ ಕೆಟ್ಟದ್ದು. ‘ನರಬಲಿ’ ಕವಿತೆಗಾಗಿ ಸರ್ಕಾರ ಅವರನ್ನು 1932ರಲ್ಲಿ ಸೆರೆಗೆ ಕಳುಹಿಸಿತು. ಆ ಮೇಲೆ ನೆಲೆಯಾದ ಕೆಲಸವಿಲ್ಲದೆ ವರ್ಷಗಳು ಕಳೆದುವು. ಕೊನೆಗೆ ಕನ್ನಡದ ಆ ದೊಡ್ಡ ಕವಿ 1944ರಲ್ಲಿ ಸೊಲ್ಲಾಪುರದ ಕಾಲೇಜಿಗೆ ಹೋಗಿ 1956ರವರೆಗೆ ಅಲ್ಲಿ ಪಾಠ ಹೇಳಬೇಕಾಯಿತು. ಧಾರವಾಡದಲ್ಲಿ ಅವರಿಗೊಂದು ಕುರ್ಚಿ ಇರಲಿಲ್ಲ. ನಾವು ಇದಕ್ಕೆ ನಾಚಿಕೊಂಡೆವೆ? ಇಲ್ಲ, ಬೆಂದರೆ ಬೇಂದ್ರೆ ಎಂದು ಪ್ರಾಸ ಕಟ್ಟಿದೆವು. ಬೆಂದವರು ಅವರು, ಚಳಿ ಕಾಯಿಸಿಕೊಂಡವರು ನಾವು.

ಇನ್ನೊಂದು ಬಗೆಯ ಉದಾಹರಣೆಯೂ ನಮ್ಮಲ್ಲಿಯೇ ಇದೆ. ಭಾಷಣಗಳಲ್ಲಿ ಅದು ಅಷ್ಟಾಗಿ ಬರುವುದಿಲ್ಲ. ಮಾಸ್ತಿಯವರು ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸಿನಲ್ಲಿ ದೊಡ್ಡ ಅಧಿಕಾರಿ. ತಮಗಿಂತ ಕಿರಿಯರೊಬ್ಬರನ್ನು ಮೇಲಿನ ಪದವಿಗೆ ಏರಿಸಿದಾಗ, ಅವಧಿ ಮುಗಿಯುವ ಮುನ್ನವೇ, 1943ರಲ್ಲಿ ರಾಜೀನಾಮೆ ಕೊಟ್ಟು ಎದ್ದು ಬಂದರು. ಬಂದವರು ಅಳುತ್ತ ಕುಳಿತುಕೊಳ್ಳಲಿಲ್ಲ. ‘ಜೀವನ’ ಪತ್ರಿಕೆಯನ್ನು ಎರಡು ದಶಕ ನಡೆಸಿದರು, ಬರೆದರು, ಪುಸ್ತಕಗಳನ್ನು ತಾವೇ ಅಚ್ಚುಹಾಕಿಸಿದರು. ಮಾಸ್ತಿ ಕನ್ನಡದ ಆಸ್ತಿ ಎನ್ನುವವರು ಆಸ್ತಿ ಎಂಬ ಮಾತಿನ ಮೇಲೆ ಕ್ಷಣಕಾಲ ನಿಲ್ಲಬೇಕು. ಸ್ವಾಭಿಮಾನವೊಂದರಿಂದಲೇ ಯಾರೂ ಹಾಗೆ ಎದ್ದು ಬರಲಾರರು. ಕಾಲ ಕೆಳಗೆ ಒಂದಿಷ್ಟು ಗಟ್ಟಿ ನೆಲ ಬೇಕು. ನಮ್ಮಲ್ಲಿ ಸ್ವಾಭಿಮಾನಕ್ಕೆ ಬರವಿಲ್ಲ, ಸಿಬ್ಬಂದಿಯ ಕೋಣೆಯಲ್ಲಿ ದಿನಕ್ಕೆ ಹತ್ತು ಸಲ ಉಕ್ಕುತ್ತದೆ. ಪ್ರಾಂಶುಪಾಲರ ಬಾಗಿಲ ಬಳಿ ಹೋಗುವಷ್ಟರಲ್ಲಿ ಗೃಹಸಾಲದ ಕಂತು ನೆನಪಾಗಿ ಇಳಿಯುತ್ತದೆ.

ಸರ್ಕಾರಿ ಕೆಲಸ ಸಿಕ್ಕ ಮೇಲಾದರೂ ನಾನು ಕಲಿತೆನೆ? ಅದನ್ನೂ ಹೇಳಿಬಿಡುತ್ತೇನೆ. ಮೊದಲ ಸಂಬಳ ಬಂದ ತಿಂಗಳಿನಲ್ಲಿಯೇ ನೆಂಟರೊಬ್ಬರು ಮನೆಗೆ ಬಂದು, ಕಾಫಿ ಕುಡಿದು, ಮಗುವಿನ ತಲೆ ಸವರಿ, ವಿಮೆಯ ಪಾಲಿಸಿಯೊಂದರ ಅರ್ಜಿಯನ್ನು ಮುಂದಿಟ್ಟರು. ವರ್ಷಕ್ಕೆ ಐವತ್ತು ಸಾವಿರ, ಇಪ್ಪತ್ತು ವರ್ಷ. “ವಿಮೆಗೆ ವಿಮೆ, ಉಳಿತಾಯಕ್ಕೆ ಉಳಿತಾಯ, ಮಾರ್ಚಿನಲ್ಲಿ ತೆರಿಗೆಗೂ ವಿನಾಯಿತಿ” ಎಂದರು. ಓದದೆ ಸಹಿ ಹಾಕಿದೆ. ಕಾವ್ಯವಾದರೆ ಒಂದು ಪದಕ್ಕೆ ಮೂರು ಅರ್ಥ ಹುಡುಕುವವನು ಇಲ್ಲಿ ಮೂರು ಪುಟಕ್ಕೆ ಒಂದು ಅರ್ಥವನ್ನೂ ಹುಡುಕಲಿಲ್ಲ. ಹತ್ತು ವರ್ಷದ ಮೇಲೆ ಕುಳಿತು ಲೆಕ್ಕ ಹಾಕಿದೆ. ಆ ಹಣ ಬೆಳೆಯುವುದು ನೂರಕ್ಕೆ ಸುಮಾರು ಐದರಂತೆ. ಇಪ್ಪತ್ತು ವರ್ಷಕ್ಕೆ ಹದಿನೇಳು ಲಕ್ಷ ಚಿಲ್ಲರೆ. ಅಷ್ಟನ್ನೇ ಅಂಚೆ ಕಚೇರಿಯ ಪಿ.ಪಿ.ಎಫ್. ಖಾತೆಗೆ ಹಾಕಿದ್ದರೆ, 2020ರ ಏಪ್ರಿಲಿನಲ್ಲಿ ಇಳಿಸಿದ 7.1ರ ದರವನ್ನೇ ಹಿಡಿದರೂ, ಇಪ್ಪತ್ತೆರಡು ಲಕ್ಷ ದಾಟುತ್ತದೆ. ವ್ಯತ್ಯಾಸ ಐದು ಲಕ್ಷದ ಹತ್ತಿರ. ಇನ್ನು ವಿಮೆ ಎಂದರೆ, ನಾನು ಸತ್ತರೆ ಹೆಂಡತಿ ಮಕ್ಕಳಿಗೆ ಬರುವ ಹಣ ಮನೆಯ ಎರಡು ವರ್ಷದ ಖರ್ಚಿಗೂ ಸಾಲುತ್ತಿರಲಿಲ್ಲ. ಉಳಿತಾಯವಿಲ್ಲದ ಬರಿಯ ವಿಮೆಯನ್ನು ಬೇರೆಯಾಗಿ ಕೊಂಡಿದ್ದರೆ ಆ ಕಂತಿನ ಒಂದು ಭಾಗಕ್ಕೇ ಹತ್ತರಷ್ಟು ರಕ್ಷಣೆ ಸಿಗುತ್ತಿತ್ತು. ನೆಂಟರು ಮೋಸಗಾರರಲ್ಲ, ಅವರಿಗೂ ಇದು ಗೊತ್ತಿರಲಿಲ್ಲ.

ಎರಡನೆಯದು ಜಾಮೀನು. ದಾಕ್ಷಿಣ್ಯಕ್ಕೆ ಬಸುರಾದಂತೆ ಎಂಬ ಗಾದೆಯನ್ನು ನಾನು ಪರೀಕ್ಷೆಯಲ್ಲಿ ವಿಸ್ತರಿಸಿ ಬರೆಯಲು ಕೊಟ್ಟವನು. ಸಹೋದ್ಯೋಗಿಯೊಬ್ಬರು ಪತ್ತಿನ ಸಹಕಾರ ಸಂಘದ ಸಾಲದ ಕಾಗದವನ್ನು ಹಿಡಿದು ಬಂದಾಗ, ‘ಆಗುವುದಿಲ್ಲ’ ಎಂಬ ಐದು ಅಕ್ಷರ ಬಾಯಿಗೆ ಬರಲಿಲ್ಲ. ಅವರು ಕಂತು ನಿಲ್ಲಿಸಿದರು. ನನ್ನ ಸಂಬಳದಿಂದ ತಿಂಗಳಿಗೆ 4,200 ರೂಪಾಯಿಯಂತೆ ಮೂವತ್ತು ತಿಂಗಳು ಮುರಿದುಕೊಂಡರು. ಆ ಎರಡೂವರೆ ವರ್ಷ ಅದೇ ಕೋಣೆಯಲ್ಲಿ ಎದುರುಬದುರು ಕುಳಿತು ಕಾವ್ಯಮೀಮಾಂಸೆ ಚರ್ಚಿಸಿದೆವು. ಹಣದ ಮಾತು ತೆಗೆಯುವುದು ಅಸಭ್ಯವಲ್ಲವೆ!

ಮೂರನೆಯದು ಮನೆ. ಮೂವತ್ತು ಲಕ್ಷ ಸಾಲ, ನೂರಕ್ಕೆ ಒಂಬತ್ತು ಬಡ್ಡಿ, ಇಪ್ಪತ್ತು ವರ್ಷದ ಅವಧಿ. ತಿಂಗಳ ಕಂತು 26,992. ಇದರಲ್ಲಿ ಮೊದಲನೆಯ ತಿಂಗಳು ಬಡ್ಡಿಗೆ ಹೋದದ್ದು 22,500. ಅಸಲಿಗೆ ಇಳಿದದ್ದು 4,492. ಇಪ್ಪತ್ತು ವರ್ಷ ಹೀಗೆಯೇ ಕಟ್ಟಿದರೆ ಮೂವತ್ತು ಲಕ್ಷಕ್ಕೆ ಅರವತ್ತನಾಲ್ಕು ಮುಕ್ಕಾಲು ಲಕ್ಷ. ಬ್ಯಾಂಕಿನವರು ಇದನ್ನು ಮುಚ್ಚಿಟ್ಟಿರಲಿಲ್ಲ, ಕಾಗದದಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು, ನಾನು ನೋಡಿರಲಿಲ್ಲ. ಅದೇ ಕಂತಿನ ಮೇಲೆ ತಿಂಗಳಿಗೆ ಐದು ಸಾವಿರ ಹೆಚ್ಚಿಗೆ ಕಟ್ಟಿದರೆ ಸಾಲ ಆರು ವರ್ಷಕ್ಕೂ ಮೊದಲೇ ತೀರಿ ಹನ್ನೆರಡು ಲಕ್ಷಕ್ಕೂ ಮೇಲ್ಪಟ್ಟ ಬಡ್ಡಿ ಉಳಿಯುತ್ತದೆಂಬುದು ನನಗೆ ತಿಳಿದದ್ದು ಹೈಸ್ಕೂಲಿನಲ್ಲಿ ಓದುವ ನನ್ನ ಮಗಳು ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿ ತೋರಿಸಿದಾಗ. ಚಕ್ರಬಡ್ಡಿ ಅವಳ ಪಠ್ಯದಲ್ಲಿತ್ತು. ನನ್ನ ಪಠ್ಯದಲ್ಲಿಯೂ ಇದ್ದಿರಬೇಕು.

ನಮ್ಮ ಭಾಷೆ ಈ ವಿಷಯದಲ್ಲಿ ನಮಗಿಂತ ಬುದ್ಧಿವಂತವಾದುದು. ‘ಸಾಲ’ ಮತ್ತು ‘ಸಾಲದು’ ಎಂಬ ಎರಡು ಮಾತು ಕಿವಿಗಂತೂ ಅಕ್ಕತಂಗಿಯರಂತೆ ಕೇಳಿಸುತ್ತವೆ. ‘ಅರ್ಥ’ ಎಂದರೆ ಹಣವೂ ಹೌದು, ಮಾತಿನ ತಿರುಳೂ ಹೌದು. ನಾಲ್ಕು ಪುರುಷಾರ್ಥಗಳಲ್ಲಿ ಒಂದೂ ಹೌದು. ಹಿರಿಯರು ಅದನ್ನು ಧರ್ಮದ ಪಕ್ಕದಲ್ಲಿ ಕೂರಿಸಿದರು. ಬೀಳ್ಕೊಡುಗೆಯ ಭಾಷಣಕಾರರು ಎಬ್ಬಿಸಿ ಹೊರಗೆ ಕಳುಹಿಸಿದರು.

ಇಷ್ಟು ಓದಿದ ಮೇಲೆ ಕೆಲವರು ಹುಬ್ಬೇರಿಸಬಹುದು: ಮೇಷ್ಟರಿಗೆ ಪಿಂಚಣಿ ಬರುವುದಿಲ್ಲವೆ, ಇವರಿಗೇಕೆ ಈ ತಾಪತ್ರಯ, ಎಂದು. ಬರುವುದಿಲ್ಲ, ಸ್ವಾಮಿ. 2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿದ ನಮ್ಮಂಥವರು ಹೊಸ ಪಿಂಚಣಿ ಯೋಜನೆಯವರು. ಹಳೆಯ ಮೇಷ್ಟರು ಹಣದ ಮುಖ ನೋಡದೆ ಇರಬಹುದಾಗಿತ್ತು. ಅವರ ಪರವಾಗಿ ಸರ್ಕಾರ ನೋಡುತ್ತಿತ್ತು. ಕೊನೆಯ ಸಂಬಳದ ಅರ್ಧ ಭಾಗ, ಅದರ ಮೇಲೆ ಏರುವ ತುಟ್ಟಿಭತ್ಯ. ಅವರ ನಿರ್ಲಕ್ಷ್ಯದ ಹಿಂದೆ ಖಜಾನೆ ನಿಂತಿತ್ತು. ನಮ್ಮ ಹಿಂದೆ ನಿಂತಿರುವುದು ಷೇರು ಮತ್ತು ಸಾಲಪತ್ರಗಳ ಪೇಟೆ. ಅರವತ್ತರ ಹೊತ್ತಿಗೆ ನನ್ನ ಖಾತೆಯಲ್ಲಿ ಒಂದು ಕೋಟಿ ಕೂಡಿತೆಂದೇ ಇಟ್ಟುಕೊಳ್ಳೋಣ. ಸರ್ಕಾರಿ ನೌಕರನಾದವನು ಅದರಲ್ಲಿ ಕನಿಷ್ಠ ನಲವತ್ತು ಭಾಗವನ್ನು ವರ್ಷಾಶನಕ್ಕೆ ಹಾಕಬೇಕು. ನೂರಕ್ಕೆ ಆರರಂತೆ ಹಿಡಿದರೆ ತಿಂಗಳಿಗೆ ಇಪ್ಪತ್ತು ಸಾವಿರ, ತುಟ್ಟಿಭತ್ಯವಿಲ್ಲ. ಸಾಲದ ಕಂತನ್ನು ಬಿಟ್ಟು ನಮ್ಮ ಮನೆಯ ಇಂದಿನ ಖರ್ಚು 38,400. ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ, ನಾನು ನಿವೃತ್ತನಾಗುವ ಹದಿನಾಲ್ಕು ವರ್ಷದ ಬಳಿಕ ಅದು 87 ಸಾವಿರದ ಹತ್ತಿರ. ಇಪ್ಪತ್ತಕ್ಕೂ ಎಂಬತ್ತೇಳಕ್ಕೂ ನಡುವಿನ ಕಂದಕವನ್ನು ಉಳಿದ ಅರವತ್ತು ಲಕ್ಷದಿಂದ ನಾನೇ ಮುಚ್ಚಬೇಕು. ಹಳೆಯ ಪಿಂಚಣಿಗಾಗಿ ನಡೆದ ಹೋರಾಟಕ್ಕೆ ನಾನೂ ವಂತಿಗೆ ಕೊಟ್ಟವನೇ. ಅದು ಗೆಲ್ಲಲಿ. ಗೆಲ್ಲುವವರೆಗೆ ಲೆಕ್ಕ ಕಲಿಯದೆ ಕೂರಲಾದೀತೆ?

ಕಲಿಯದೆ ಕುಳಿತವರ ಗತಿಯನ್ನು ಬೆಂಗಳೂರಿನಲ್ಲಿ ಕಂಡಿದ್ದೇವೆ. 2020ರ ಜನವರಿಯಲ್ಲಿ ಅಲ್ಲಿಯ ಸಹಕಾರಿ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿ, ಒಬ್ಬರು 35,000ಕ್ಕಿಂತ ಹೆಚ್ಚು ತೆಗೆಯಕೂಡದೆಂದಾಗ, ಬಾಗಿಲಲ್ಲಿ ನಿಂತವರಲ್ಲಿ ಎಷ್ಟು ಮಂದಿ ನಿವೃತ್ತ ಮೇಷ್ಟರು, ಎಷ್ಟು ಮಂದಿ ಗುಮಾಸ್ತರು! ಬಡ್ಡಿ ಒಂದು ಭಾಗ ಹೆಚ್ಚೆಂದು ಜೀವಮಾನದ ಗಂಟನ್ನೆಲ್ಲ ಒಂದೇ ಕಡೆ ಇಟ್ಟಿದ್ದರು. ಠೇವಣಿಗೆ ಆಗ ಇದ್ದ ವಿಮೆ ಒಂದು ಲಕ್ಷ ಮಾತ್ರ. ಅದೇ ಫೆಬ್ರವರಿಯಲ್ಲಿ ಐದು ಲಕ್ಷಕ್ಕೆ ಏರಿಸಿದರು. ಹೀಗೊಂದು ವಿಮೆ ಇದೆಯೆಂಬುದೇ ನನಗೆ ಆ ವಾರ ಪತ್ರಿಕೆಯಲ್ಲಿ ಓದಿ ತಿಳಿಯಿತು.

ಆದರೆ ಈಗ ಇನ್ನೊಂದು ಬಗೆಯ ಪ್ರವಚನಕಾರರು ಹುಟ್ಟಿಕೊಂಡಿದ್ದಾರೆ. ಅವರ ವಿಷಯ ಹೇಳದಿದ್ದರೆ, ನಾನು ಒಂದು ಬಾವಿಯಿಂದ ಎತ್ತಿದವರನ್ನು ಇನ್ನೊಂದಕ್ಕೆ ನೂಕಿದಂತಾದೀತು. ಮೊಬೈಲು ತೆರೆದರೆ ಸಾಕು, ಕೋಟು ತೊಟ್ಟ ಯುವಕನೊಬ್ಬ ನಲವತ್ತಕ್ಕೆ ನಿವೃತ್ತರಾಗಿ ಎನ್ನುತ್ತಾನೆ. ವರ್ಷದ ಖರ್ಚಿನ ಇಪ್ಪತ್ತೈದರಷ್ಟು ಕೂಡಿಡಿ, ನೀವು ಸ್ವತಂತ್ರರು, ಎನ್ನುತ್ತಾನೆ. ಈ ಇಪ್ಪತ್ತೈದು ಎಲ್ಲಿಂದ ಬಂತು? 1994ರಲ್ಲಿ ವಿಲಿಯಂ ಬೆಂಗೆನ್ ಎಂಬ ಅಮೆರಿಕದ ಹಣಕಾಸು ಸಲಹೆಗಾರ, ಅಲ್ಲಿಯ ಷೇರುಗಳ ಮತ್ತು ಸರ್ಕಾರಿ ಸಾಲಪತ್ರಗಳ 1926ರಿಂದ ಈಚಿನ ಲೆಕ್ಕವನ್ನು ಹಿಡಿದು, ನಿವೃತ್ತನೊಬ್ಬನ ಗಂಟು ಮೂವತ್ತು ವರ್ಷ ಬಾಳಬೇಕಾದರೆ ಮೊದಲ ವರ್ಷ ನೂರಕ್ಕೆ ನಾಲ್ಕರಷ್ಟು ತೆಗೆಯಬಹುದು ಎಂದ. ನಾಲ್ಕನ್ನು ತಿರುಗಿಸಿದರೆ ಇಪ್ಪತ್ತೈದು. ಅದು ಅವರ ದೇಶದ ಲೆಕ್ಕ, ಅವರ ಬೆಲೆ ಏರಿಕೆಯ ಲೆಕ್ಕ, ಮೂವತ್ತು ವರ್ಷದ ಲೆಕ್ಕ. ನಲವತ್ತಕ್ಕೆ ಕೆಲಸ ಬಿಟ್ಟು ತೊಂಬತ್ತರವರೆಗೆ ಬದುಕಬೇಕಾದ ಬೆಂಗಳೂರಿನ ಇಂಜಿನಿಯರಿಗೆ, ತಾಯಿತಂದೆಯ ಆಸ್ಪತ್ರೆ, ತಂಗಿಯ ಮದುವೆ, ಮಕ್ಕಳ ಕಾಲೇಜು ಎಲ್ಲ ಹೆಗಲ ಮೇಲಿರುವಾಗ, ಅದನ್ನು ಹಾಗೆಯೇ ಒಪ್ಪಿಸುವುದು ಪಂಚಾಂಗ ನೋಡದೆ ಮುಹೂರ್ತ ಇಟ್ಟಂತೆ. ಈ ಯುವಕನ ಸ್ವಾತಂತ್ರ್ಯ ಬಹುಮಟ್ಟಿಗೆ ತಾನು ಮಾರುವ ಪಾಠಗಳ ಶುಲ್ಕದಿಂದ ಬಂದದ್ದೆಂದು ನನಗೆ ಗುಮಾನಿ.

ಇವರ ಮಾತು ಕೇಳಿ ಫ್ಯೂಚರ್ಸ್, ಆಪ್ಷನ್ಸ್ ಎಂಬ ಜೂಜಿಗೆ ಇಳಿದ ಹುಡುಗರು ನನ್ನ ತರಗತಿಗಳಲ್ಲಿಯೇ ಇದ್ದರು. 2024ರ ಸೆಪ್ಟೆಂಬರಿನಲ್ಲಿ ಸೆಬಿ ಸಂಸ್ಥೆ ಲೆಕ್ಕ ಹೊರಡಿಸಿತು: ಹಿಂದಿನ ಮೂರು ವರ್ಷಗಳಲ್ಲಿ ಈ ವ್ಯವಹಾರಕ್ಕಿಳಿದ ಸಾಮಾನ್ಯ ಜನರಲ್ಲಿ ನೂರಕ್ಕೆ ತೊಂಬತ್ತಮೂರು ಮಂದಿ ಕಳೆದುಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಪಗಡೆಯಾಡಿ ಎಲ್ಲವನ್ನೂ ಸೋತ ಧರ್ಮರಾಯನ ಕಥೆಯನ್ನು ವರ್ಷವರ್ಷವೂ ಕೇಳುತ್ತ ಬಂದ ನಾಡಿನ ಮಕ್ಕಳು ಇವರು. ಆದರೆ ನಾವು ಆ ಕಥೆಯನ್ನು ಹೇಳುವಾಗ ಹಣದ ಮಾತು ಎತ್ತಿದ್ದರೆ ತಾನೆ?

ಹಣ ತುಚ್ಛವೆನ್ನುವವರು, ಹಣವೇ ಸರ್ವಸ್ವವೆನ್ನುವವರು, ಇಬ್ಬರಲ್ಲಿಯೂ ಒಂದು ಸಮಾನ ಗುಣವಿದೆ: ಇಬ್ಬರೂ ‘ಎಷ್ಟು ಸಾಕು’ ಎಂಬ ಪ್ರಶ್ನೆಯನ್ನು ಕೇಳುವುದಿಲ್ಲ. ಮೊದಲನೆಯವನಿಗೆ ಅದು ಕೀಳು, ಎರಡನೆಯವನಿಗೆ ಅಪಶಕುನ.

ಒಂದು ಮಾತನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಲೆಕ್ಕ ಬರೆದು ಉಳಿಸುವುದಕ್ಕೂ ಒಂದಿಷ್ಟು ಹಣ ಕೈಗೆ ಬರಬೇಕು. ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ನನ್ನಷ್ಟೇ ಓದಿ, ನನ್ನಷ್ಟೇ ಪಾಠ ಹೇಳಿದ ಅತಿಥಿ ಉಪನ್ಯಾಸಕರಿಗೆ 2022ರ ಜನವರಿಯ ಏರಿಕೆಯವರೆಗೆ ತಿಂಗಳಿಗೆ ಹನ್ನೊಂದು, ಹದಿಮೂರು ಸಾವಿರ ಕೊಡುತ್ತಿದ್ದರು. ಅದೂ ನಾಲ್ಕಾರು ತಿಂಗಳಿಗೊಮ್ಮೆ. ಅಂಥವರ ಮುಂದೆ ನಿಂತು ‘ಉಳಿಸಿ’ ಎನ್ನುವುದು ಉಪವಾಸವಿದ್ದವನಿಗೆ ಪಥ್ಯ ಹೇಳಿದಂತೆ. ಅವರಿಗೆ ಬೇಕಾದುದು ಸಂಬಳ, ಸಂಘ, ಕಾನೂನು. ಆದರೆ ಹಣದ ಮಾತು ಕೀಳೆಂಬ ನಮ್ಮ ಸಂಸ್ಕಾರದಿಂದ ಹೆಚ್ಚು ಲಾಭ ಪಡೆದವರು ಯಾರೆಂದು ನೋಡಿದರೆ ಸಂಬಳ ಕೊಡದವರೇ! ಮೇಷ್ಟರಾದವರು ಸಂಬಳ ಕೇಳಬಾರದು, ಅದು ಸರಸ್ವತಿಯ ಸೇವೆ ಎಂದು ನನಗೆ 3,500 ಕೊಟ್ಟ ಆಡಳಿತ ಮಂಡಳಿಯವರೂ ಹೇಳುತ್ತಿದ್ದರು. ಅವರ ಪಾಲಿನ ಸೇವೆಯ ಫಲವಾಗಿ ಕಾಲೇಜಿನ ಮೇಲೆ ಎರಡು ಅಂತಸ್ತು ಎದ್ದಿತು.

ನಾನೀಗ ಮಾಡುತ್ತಿರುವುದು ದೊಡ್ಡದೇನೂ ಅಲ್ಲ. ಆರು ವರ್ಷದಿಂದ ನೂರು ಪುಟದ ನೋಟುಪುಸ್ತಕವೊಂದರಲ್ಲಿ ಖರ್ಚು ಬರೆಯುತ್ತೇನೆ. ನಾನೂ ನನ್ನ ಹೆಂಡತಿಯೂ ತಿಂಗಳ ಮೊದಲ ಭಾನುವಾರ ಒಟ್ಟಿಗೆ ಕೂಡಿಸುತ್ತೇವೆ. ಮೊದಲ ಎರಡು ತಿಂಗಳು ಜಗಳವಾಯಿತು, ಮುಖ್ಯವಾಗಿ ನಾನು ಕೊಳ್ಳುವ ಪುಸ್ತಕಗಳ ಬಾಬ್ತು. ಆರು ತಿಂಗಳ ಖರ್ಚನ್ನು ಮುಟ್ಟದೆ ಬ್ಯಾಂಕಿನಲ್ಲಿ ಇಟ್ಟಿದ್ದೇವೆ. ಬರಿಯ ವಿಮೆ ಒಂದು, ಪಿ.ಪಿ.ಎಫ್. ಒಂದು, ಪೇಟೆಯ ಸೂಚ್ಯಂಕವನ್ನು ಹಿಂಬಾಲಿಸುವ ಮ್ಯೂಚುವಲ್ ಫಂಡಿನಲ್ಲಿ ತಿಂಗಳಿಗೆ ಸ್ವಲ್ಪ, ಉಳಿದದ್ದು ಮನೆಯ ಸಾಲಕ್ಕೆ. ಜಾಮೀನಿನ ಕಾಗದ ಹಿಡಿದು ಇಬ್ಬರು ಬಂದರು, “ಆಗುವುದಿಲ್ಲ” ಎಂದೆ. ಒಬ್ಬರು ಇಂದಿಗೂ ಮಾತು ಬಿಟ್ಟಿದ್ದಾರೆ. ಎರಡು ವರ್ಷದ ಹಿಂದೆ ಆಂತರಿಕ ಪರೀಕ್ಷೆಯ ಅಂಕಗಳನ್ನು ತಿದ್ದಿಕೊಡಬೇಕೆಂದು ಮೇಲಿನಿಂದ ಸೂಚನೆ ಬಂತು. ತಿದ್ದಲಿಲ್ಲ. ದೂರದ ಊರಿಗೆ ವರ್ಗವಾದೀತೆಂದು ಹಿತೈಷಿಗಳು ಹೆದರಿಸಿದರು. ಆ ರಾತ್ರಿ ನಾನು ಮಾಡಿದ್ದು ನೋಟುಪುಸ್ತಕ ತೆರೆದು, ಎರಡು ಮನೆ ಹೂಡಿದರೆ ಖರ್ಚೆಷ್ಟು ಎಂದು ಕೂಡಿಸಿ ನೋಡಿದ್ದು. ಕಷ್ಟ, ಆದರೆ ನಡೆಯುತ್ತದೆ ಎಂದು ತಿಳಿಯಿತು; ಮಲಗಿದೆ. ವರ್ಗವಾಗಲಿಲ್ಲ. ಆಗಿದ್ದರೂ ಹೋಗುತ್ತಿದ್ದೆ.

ಈ ವಿದ್ಯೆ ನಮ್ಮ ಮನೆಯಲ್ಲಿ ಇರಲಿಲ್ಲವೆಂದಲ್ಲ. ನಾನು ನೋಡಿರಲಿಲ್ಲ. ನನ್ನ ತಂದೆ ಪ್ರೈಮರಿ ಸ್ಕೂಲಿನ ಮೇಷ್ಟರು, ಹಣದ ಮುಖ ನೋಡಿದವರಲ್ಲ. ಊರೆಲ್ಲ ಅವರನ್ನು ಹೊಗಳಿತು. ತಾಯಿ ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಿದ್ದಳು. ಸಾಸಿವೆ ಡಬ್ಬಿಯಲ್ಲಿ ಅವಳದೊಂದು ಗಂಟಿತ್ತು. ನಾನು ಎಂ.ಎ.ಗೆ ಸೇರಿದಾಗ ಹಾಸ್ಟೆಲಿನ ಠೇವಣಿ ಬಂದದ್ದು ಆ ಡಬ್ಬಿಯಿಂದ. ಯಾರನ್ನೂ ಕೇಳದೆ ಕೊಟ್ಟಳು, ಯಾರಿಗೂ ಹೇಳಬೇಡ ಎಂದಳು. ಅವಳನ್ನು ಯಾವ ಸಭೆಯಲ್ಲಿಯೂ ಯಾರೂ ಹೊಗಳಿದ್ದನ್ನು ಕಾಣೆ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದುವೆಂದು ಸುದ್ದಿ ಬಂತು. ಮರುದಿನ ಊರಿಗೆ ಹೋದೆ. ಅಡಿಗೆಮನೆಯ ಬಾಗಿಲು ಮುಂದಕ್ಕೆ ಹಾಕಿ, ಡಬ್ಬಿ ಇಳಿಸಿ, ಐನೂರರ ಹದಿನಾಲ್ಕು ನೋಟು ನನ್ನ ಕೈಗಿಟ್ಟು, “ಇವು ಇನ್ನು ನಡೆಯೋದಿಲ್ಲವಂತೆ, ನಿಜವೇನೋ?” ಎಂದಳು. ಅವಳ ಹೆಸರಿನ ಖಾತೆಗೆ ಕಟ್ಟಿ, ಪಾಸ್‌ಬುಕ್ಕು ತಂದುಕೊಟ್ಟೆ; ಒಂದು ಪೈಸೆಯೂ ಹೋಗಿಲ್ಲ ನೋಡಮ್ಮ, ಎಂದೆ. ಅವಳು ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿ, “ಇನ್ನು ಎಲ್ಲರಿಗೂ ಗೊತ್ತಾಯಿತಲ್ಲಪ್ಪ” ಎಂದಳು. ಆಗ ನನಗೆ ಅವಳ ಮಾತು ತಿಳಿಯಲಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಆರ್ಥಿಕ ಸ್ವಾತಂತ್ರ್ಯವನ್ನು ಕುರಿತು ಬರೆಯಬೇಕಾದವರು ಅವರೇ, ನಾನಲ್ಲ.

ಮುಂದಿನ ತಿಂಗಳು ನಮ್ಮ ಕಾಲೇಜಿನಲ್ಲಿ ಮತ್ತೊಂದು ಬೀಳ್ಕೊಡುಗೆ ಇದೆ. ನಿವೃತ್ತರಾಗುವವರು ಒಳ್ಳೆಯ ಅಧ್ಯಾಪಕರು, 2006ಕ್ಕೆ ಮೊದಲು ಸೇರಿದವರು; ಪಿಂಚಣಿ ಉಂಟು. ಸಭೆಯಲ್ಲಿ ಕುಳಿತು ಚಪ್ಪಾಳೆ ತಟ್ಟುವ ನಮ್ಮಲ್ಲಿ ಬಹುಪಾಲು ಮಂದಿಗೆ ಇಲ್ಲ. ನಾನು ನಾಲ್ಕು ಮಾತು ಆಡಬೇಕಂತೆ. ಹಾರ, ಶಾಲು, ಹಣ್ಣಿನ ತಟ್ಟೆಗಳಿಗಾಗಿ ತಲೆಗೆ ಇನ್ನೂರು ರೂಪಾಯಿ ವಂತಿಗೆ ಎತ್ತಿದರು. ಕೊಟ್ಟು, ಸಂಜೆ ಮನೆಗೆ ಬಂದು ಪುಸ್ತಕದಲ್ಲಿ ಬರೆದೆ.